ಮಝಾಲ್‌ಗೆ ಫ್ರೆಂಚಿನಲ್ಲಿ ಏನಂತಾರೆ

ಸೆಫ್ರೂ ಊರಿನ ಝುಹೈರ್ ವಿಶ್ವವಿದ್ಯಾಲಯದಲ್ಲಿ ಫ್ರೆಂಚನ್ನೂ ಹೀಬ್ರೂವನ್ನೂ ಒಟ್ಟಿಗೆ ಓದಲು ಸೇರಿದ್ದರ ಹಿಂದೆ ಘನವಾದ ಕಾರಣವೇನೂ ಇರಲಿಲ್ಲ. ಫ್ರೆಂಚ್ ಬೇಕೇ ಬೇಕಿತ್ತು. ಮೊರಾಕ್ಕೊದಲ್ಲಿ ಫ್ರೆಂಚ್ ಬಾರದವನಿಗೆ ಬ್ಯಾಂಕಿನ ಬಾಗಿಲು ಕಾಯುವ ಕೆಲಸವೂ ಸಿಗುವುದಿಲ್ಲ. ಜೊತೆಗೆ ಇನ್ನೊಂದು ಭಾಷೆ ಆರಿಸಿಕೊಳ್ಳಿ ಅಂದಾಗ ಇಂಗ್ಲಿಷಿನ ಸಾಲು ಮೆಟ್ಟಿಲಿಳಿದು ಅಂಗಳಕ್ಕೆ ಬಂದಿತ್ತು, ಸ್ಪ್ಯಾನಿಷಿನ ಸಾಲಿನಲ್ಲಿ ಜಗಳ ನಡೆದಿತ್ತು, ಹೀಬ್ರೂ ಕಿಟಕಿಯ ಮುಂದೆ ಒಂದು ಬೆಕ್ಕು ಮಲಗಿತ್ತು. ಬೆಕ್ಕನ್ನು ದಾಟಿ ಹೋಗಿ ಹೆಸರು ಬರೆಸಿದ. ಮುಂದೆ ಯಾರಾದರೂ ಕೇಳಿದಾಗ ಸೋದರ ಭಾಷೆ, ಹಳೆಯ ಸಂಸ್ಕೃತಿ, ಮೂರಕ್ಷರದ ಧಾತು ಎಂದೆಲ್ಲ ಹೇಳುತ್ತಿದ್ದ. ಬೆಕ್ಕಿನ ವಿಷಯ ಎತ್ತುತ್ತಿರಲಿಲ್ಲ.

ಅವನ ತಾಯಿ ತಾಮು ಮನೆಯಲ್ಲಿ ಕೂತು ಜಲ್ಲಾಬಾ ನಿಲುವಂಗಿಗಳಿಗೆ ರೇಷ್ಮೆ ದಾರದ ಗುಂಡಿ ಸುತ್ತುವವಳು. ಮಗ ಸುದ್ದಿ ಹೇಳಿದಾಗ ಕೈಯಲ್ಲಿದ್ದ ಸೂಜಿ ನಿಲ್ಲಿಸದೆ, "ಯಹೂದಿಗಳ ಭಾಷೆಯಾ? ಆಗಲಿ ಬಿಡು. ಈ ಗುಂಡಿ ಸುತ್ತೋದನ್ನ ನಮ್ಮಮ್ಮನಿಗೆ ಹೇಳಿಕೊಟ್ಟಿದ್ದೂ ಪಕ್ಕದ ಮನೆ ಯಹೂದಿ ಹೆಂಗಸೇ. ಅವರು ಹೋದ್ರು, ಗುಂಡಿ ಉಳೀತು," ಅಂದಳು.

ಮಾವ ಬೂಅಝ್ಝಾ ಅಷ್ಟು ಸುಲಭಕ್ಕೆ ಬಿಡುವವನಲ್ಲ. ಬಸ್ ನಿಲ್ದಾಣದ ಎದುರು ಅವನದೊಂದು ಚಹಾ ಅಂಗಡಿ. ಗಿರಾಕಿಗಳೆಲ್ಲ ಕೇಳಲಿ ಎಂದೇ ದನಿ ಏರಿಸಿ ಕೇಳುತ್ತಿದ್ದ. "ಏನಯ್ಯಾ ಪಂಡಿತ, ಹೀಬ್ರೂ ಕಲಿತು ಏನಾಗ್ತೀಯೋ? ಗೂಢಚಾರನಾ?"

"ಹೌದು ಮಾವ. ಮೊದಲು ನಿನ್ನ ಮೇಲೇ ಕಣ್ಣಿಡ್ತೀನಿ. ಒಂದು ಕಂತೆ ಪುದೀನಾದಲ್ಲಿ ಎಷ್ಟು ಹೂಜಿ ಚಹಾ ಎಳೀತೀಯಾ ಅಂತ ವರದಿ ಕಳಿಸಬೇಕು."

"ಕಳಿಸು, ಕಳಿಸು. ಎರಡು ಭಾಷೆ ಕಲಿತಿದ್ದಕ್ಕೆ ಎರಡು ಭಾಷೇಲೂ ಕೆಲಸ ಇಲ್ಲ ಅಂತ ಕಾಗದ ಬರುತ್ತೆ, ಓದಿ ಹೇಳೋವಂತೆ."

ಮಾವನ ಬಾಯಿಗೆ ಸಕ್ಕರೆ ಹಾಕುವ ಮನಸ್ಸು ಝುಹೈರನಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಎರಡನ್ನೂ ಒಟ್ಟಿಗೆ ಓದುವುದೆಂದರೆ ಎಂಥದ್ದೆಂದು ಓದಿದವರಿಗೇ ಗೊತ್ತು. ಒಂದು ಎಡದಿಂದ ಬಲಕ್ಕೆ ಹೋಗುತ್ತದೆ, ಇನ್ನೊಂದು ಬಲದಿಂದ ಎಡಕ್ಕೆ ಬರುತ್ತದೆ. ಬೆಳಗಿನ ಮೊದಲ ತರಗತಿಯಲ್ಲಿ ಫ್ರೆಂಚ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡಿ ಎರಡನೆಯದಕ್ಕೆ ಓಡಿ ಹೋಗಿ ಹೀಬ್ರೂ ಬರೆಯಲು ಕೂತರೆ ಕೈ ಪುಟದ ತಪ್ಪು ತುದಿಗೆ ಹೋಗಿ ನಿಲ್ಲುತ್ತಿತ್ತು. ಫ್ರೆಂಚಿನಲ್ಲಿ 'ಲೋ' ಅಂದರೆ ನೀರು, ಹೀಬ್ರೂವಿನಲ್ಲಿ 'ಲೋ' ಅಂದರೆ ಇಲ್ಲ. ವಿದ್ಯಾರ್ಥಿನಿಲಯದ ನಲ್ಲಿ ಎರಡನ್ನೂ ಒಟ್ಟಿಗೆ ಮಾತಾಡುತ್ತದೆ ಎಂದು ಝುಹೈರ್ ಹೇಳುತ್ತಿದ್ದ ತಮಾಷೆಗೆ ನಗಲು ಎರಡೂ ಭಾಷೆ ಬರುವವರು ಬೇಕಿತ್ತು, ಅಂಥವರು ಹೆಚ್ಚು ಇರಲಿಲ್ಲ. ಫ್ರೆಂಚ್ ವಿಭಾಗದವರಿಗೆ ಅವನು 'ಆ ಹೀಬ್ರೂ ಹುಡುಗ', ಹೀಬ್ರೂ ವಿಭಾಗದವರಿಗೆ 'ಆ ಫ್ರೆಂಚಿನವನು'. ಎರಡು ಮನೆಯ ಮದುವೆಗೂ ಕರೆದು ಎರಡು ಕಡೆಯೂ ಎಲೆ ಹಾಕದೆ ಬಿಟ್ಟಂತಿತ್ತು ಅವನ ಸ್ಥಿತಿ.

ಆದರೂ ಹೀಬ್ರೂ ಅವನನ್ನು ಹಿಡಿದುಕೊಂಡಿತು. ಬೆಕ್ಕಿನ ಪುಣ್ಯದಿಂದ ಸಿಕ್ಕಿದ್ದು ನಿಧಾನಕ್ಕೆ ಅವನು ಚೆನ್ನಾಗಿ ಮಾಡಬಲ್ಲ ಒಂದೇ ಒಂದು ಕೆಲಸವಾಯಿತು. ಬೇರೆಯವರು ಪುಸ್ತಕದ ಹೀಬ್ರೂ ಕಲಿತರೆ, ಅವನು ಯೂಟ್ಯೂಬಿನಲ್ಲಿ ಮೊರಾಕ್ಕೊದಿಂದ ಇಸ್ರೇಲಿಗೆ ಹೋದ ಯಹೂದಿ ಮುದುಕರ ಹರಟೆ ಹುಡುಕಿ ಹುಡುಕಿ ಕೇಳಿದ. ಆ ಮುದುಕರು ಹೀಬ್ರೂ ಮಾತಾಡುತ್ತಾ ಮಾತಾಡುತ್ತಾ ನಡುವೆ ಅರಿವಿಲ್ಲದೆ ದಾರಿಜಾಕ್ಕೆ, ಅಂದರೆ ಮೊರಾಕ್ಕೊದ ಮನೆ ಬೀದಿಗಳ ಅರಬ್ಬಿಗೆ, ಜಾರಿಬಿಡುತ್ತಿದ್ದರು. ಮೊಮ್ಮಕ್ಕಳಿಗೆ ಅರ್ಥವಾಗದೆ ಬಿಟ್ಟುಹೋದ ಅಂಥ ಪದ ಕೇಳಿದಾಗ ಝುಹೈರನಿಗೆ ಏನೋ ಖುಷಿ. ಒಂದು ದಿನ ತಾನೂ ತರಗತಿಯಲ್ಲಿ ನಿಂತು ಇದನ್ನೆಲ್ಲ ಹೇಳಿಕೊಡಬೇಕು, ಹುಡುಗರು ತನ್ನನ್ನು 'ಉಸ್ತಾದ್' ಎಂದು ಕರೆಯಬೇಕು ಅನ್ನುವ ಆಸೆ ಹುಟ್ಟಿದ್ದು ಹೀಗೆ. ಕನ್ನಡಿ ಮುಂದೆ ಎರಡು ಸಲ ತಾನೇ ತನ್ನನ್ನು ಹಾಗೆ ಕರೆದೂ ನೋಡಿದ್ದ. ಚೆನ್ನಾಗಿ ಹೊಂದುತ್ತಿತ್ತು.

ಓದು ಮುಗಿಯುವ ವರ್ಷ ಆ ಆಸೆಗೆ ಒಂದು ಬಾಗಿಲು ತೆರೆಯಿತು. ಇಸ್ರೇಲಿನಿಂದ ನೇರ ವಿಮಾನ ಶುರುವಾಗಿ ಒಂದು ವರ್ಷವಾಗುತ್ತಿತ್ತು, ಹಳಬರು ಊರು ನೋಡಲು ತಂಡ ತಂಡವಾಗಿ ಬರುತ್ತಿದ್ದರು. ಪ್ಯಾರಿಸಿನ ಒಂದು ಪ್ರತಿಷ್ಠಾನ ಹೀಬ್ರೂ ವಿಭಾಗಕ್ಕೆ ಒಬ್ಬ ಸಹಾಯಕ ಅಧ್ಯಾಪಕನ ಖರ್ಚು ಕೊಡಲು ಒಪ್ಪಿತು. ಎರಡೂ ಭಾಷೆ ಬರುವವರೇ ಆಗಬೇಕು. ಹಾಗೆ ಬರುತ್ತಿದ್ದವರು ಇಬ್ಬರೇ, ಝುಹೈರ್ ಮತ್ತು ಫೆಸ್ ನಗರದ ನುಹೈಲಾ. ನುಹೈಲಾಳ ಫ್ರೆಂಚ್ ಕೇಳಿದರೆ ಹುಟ್ಟಿದಾಗ ಅತ್ತಿದ್ದೂ ಆ ಭಾಷೆಯಲ್ಲೇ ಅನ್ನಿಸುತ್ತಿತ್ತು. ಹೀಬ್ರೂವಿನಲ್ಲಿ ಮಾತ್ರ ಪುಸ್ತಕ ಮುಚ್ಚಿದರೆ ಬಾಯೂ ಮುಚ್ಚುತ್ತಿತ್ತು.

ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಸರ್ಗೀನಿ ಪ್ಯಾರಿಸಿನಲ್ಲಿ ಹೀಬ್ರೂ ಓದಿ ಬಂದವರು. ಅವರು ಝುಹೈರನನ್ನು ಕೋಣೆಗೆ ಕರೆಸಿದರು.

"ಪ್ರತಿಷ್ಠಾನದ ಮದಾಂ ವೆರ್ಡಿಯೆ ಬರ್ತಿದ್ದಾರೆ. ಅವರ ಮುಂದೆ ನಿಮ್ಮ ಸೆಫ್ರೂದಿಂದ ಹೋದ ಹಿರಿಯರೊಬ್ಬರ ಜೊತೆ ಮಾತುಕತೆ. ಅವರಿಗೆ ಫ್ರೆಂಚ್ ಬರಲ್ಲ, ಮದಾಂಗೆ ಹೀಬ್ರೂ ಬರಲ್ಲ. ಮೈಕ್ ನಿನ್ನ ಕೈಗೆ ಕೊಡ್ತಿದೀನಿ. ಅದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾ?"

"ಬೇಡ ಉಸ್ತಾದ್."

"ಇನ್ನೊಂದು ವಿಷಯ. ವೇದಿಕೆ ಮೇಲೆ ಎರಡೇ ಭಾಷೆ. ದಾರಿಜಾ ಕಿವಿಗೆ ಬೀಳಬಾರದು. ಇದು ವಿಶ್ವವಿದ್ಯಾಲಯ, ತರಕಾರಿ ಸಂತೆ ಅಲ್ಲ."

ಕಾರ್ಯಕ್ರಮದ ದಿನ ಬಂದ ಹಿರಿಯರ ಹೆಸರು ಮಖ್ಲೂಫ್ ಎಲ್ಬಾಝ್. ಹುಡುಗನಾಗಿದ್ದಾಗ ಸೆಫ್ರೂ ಬಿಟ್ಟು ಹೋಗಿ, ಇಸ್ರೇಲಿನ ದಿಮೋನಾ ಅನ್ನುವ ಮರುಭೂಮಿಯ ಊರಿನಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಬಸ್ ಚಾಲಕರಿಗೆ ಇರುವಂಥ ಅಗಲವಾದ ಕುತ್ತಿಗೆ, ಹಿಂದೆ ಯಾರು ಹತ್ತಿದರು ಎಂದು ನೋಡುವಂಥ ಕಣ್ಣು. ಸಭಾಂಗಣದ ಪಕ್ಕದ ಕೋಣೆಯಲ್ಲಿ ಚಹಾ ಕೊಡುವಾಗ ಝುಹೈರ್ ಬಗ್ಗಿ ನಮಸ್ಕರಿಸಿದ್ದೇ ತಡ, ಹೀಬ್ರೂ ಎಲ್ಲ ಪಕ್ಕಕ್ಕಿಟ್ಟು ಅಪ್ಪಟ ಸೆಫ್ರೂ ದಾರಿಜಾದಲ್ಲಿ ಕೇಳಿದರು.

"ನೀನು ಯಾರ ಪೈಕಿ ಮಗಾ?"

"ಗುಂಡಿ ಸುತ್ತೋ ತಾಮು ಮಗ."

"ಹಂಗಾದ್ರೆ ನಮ್ಮೋನೇ. ನೋಡು, ಬೆಳಿಗ್ಗೆ ನಮ್ಮ ಹಳೇ ಮನೆ ಹತ್ರ ಕರ್ಕೊಂಡು ಹೋಗಿದ್ರು. ಬೀಗ ಹಾಕಿತ್ತು. ಈಗ ಅಲ್ಲಿರೋ ಯಮ್ಮ ಸಂತೆಗೆ ಹೋಗಿದ್ಲಂತೆ. ಬಾಗಿಲು ಮುಟ್ಟಿ ವಾಪಸ್ ಬಂದೆ. ಕಾಯೋಣ ಅಂದೆ, ಇಲ್ಲ ಇಲ್ಲ, ಕಾರ್ಯಕ್ರಮಕ್ಕೆ ಹೊತ್ತಾಯ್ತು ಅಂತ ಎಳ್ಕೊಂಡು ಬಂದ್ರು. ಇದೆಂಥ ಕಾರ್ಯಕ್ರಮನೋ?"

ಅಷ್ಟರಲ್ಲಿ ಸರ್ಗೀನಿ ಒಳಗೆ ಬಂದು, "ದಯವಿಟ್ಟು, ಹೀಬ್ರೂವಿನಲ್ಲಿ," ಎಂದು ನಕ್ಕರು. ಮುದುಕರು ಚಹಾ ಎತ್ತಿ ಕುಡಿದರು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಧ್ಯಾಪಕರು, ಹಿಂದೆ ವಿದ್ಯಾರ್ಥಿಗಳು, ತೀರ ಹಿಂದೆ ಬಿಸಿಲು ತಪ್ಪಿಸಿಕೊಳ್ಳಲು ಬಂದ ಭೂಗೋಳ ವಿಭಾಗದ ಹುಡುಗರು. ಮದಾಂ ವೆರ್ಡಿಯೆ ಒಬ್ಬರನ್ನು ಬಿಟ್ಟು ಅಲ್ಲಿದ್ದ ಅಷ್ಟೂ ಮಂದಿಗೆ, ಅತಿಥಿಗೂ ಸೇರಿ, ಚೆನ್ನಾಗಿ ಅರ್ಥವಾಗುವ ಭಾಷೆಯೊಂದಿತ್ತು. ಆವತ್ತು ಅದಕ್ಕೆ ಮಾತ್ರ ಒಳಗೆ ಪ್ರವೇಶವಿರಲಿಲ್ಲ.

ಮೊದಮೊದಲು ಎಲ್ಲ ಸಲೀಸಾಗಿ ನಡೆಯಿತು. ಮದಾಂ ಫ್ರೆಂಚಿನಲ್ಲಿ ಕೇಳುವುದು, ಝುಹೈರ್ ಹೀಬ್ರೂ ಮಾಡುವುದು, ಮುದುಕರು ಉತ್ತರಿಸುವುದು, ಝುಹೈರ್ ಅದನ್ನು ಫ್ರೆಂಚ್ ಮಾಡಿ ಮದಾಂ ಮಡಿಲಿಗೆ ಹಾಕುವುದು. ಚೆರ್ರಿ ತೋಟ, ಹೊಳೆಯ ಪ್ರವಾಹ, ಕುದುರೆ ಜೀನು ಹೊಲಿಯುತ್ತಿದ್ದ ತಂದೆ. ಝುಹೈರನ ದನಿಗೆ ಗತ್ತು ಬಂತು. ಎರಡನೇ ಸಾಲಿನಲ್ಲಿದ್ದ ನುಹೈಲಾ ಹೆಬ್ಬೆರಳೆತ್ತಿ ತೋರಿಸಿದಳು. ಕನ್ನಡಿಯಲ್ಲಿ ಕಂಡಿದ್ದ ಉಸ್ತಾದ್ ತನ್ನ ಮೈಮೇಲೆ ಬಂದು ಕೂತ ಹಾಗೆ ಅವನಿಗೆ ಅನ್ನಿಸತೊಡಗಿತ್ತು.

ಆಗ ಮದಾಂ ಕೈ ಎದೆಗಿಟ್ಟುಕೊಂಡು ಕೇಳಿದರು. "ಇಷ್ಟು ವರ್ಷಗಳ ಮೇಲೆ ಹುಟ್ಟಿದ ಊರಿಗೆ ಬಂದಿದ್ದೀರಿ. ಕೊನೆಗೂ ಮನೆ ಸೇರಿದೆ ಅನ್ನಿಸಿತಾ?"

ಝುಹೈರ್ ಹೀಬ್ರೂ ಮಾಡಿದ. ಮುದುಕರು ಗಲ್ಲ ಕೆರೆದುಕೊಂಡರು, ಮೇಜಿನ ಮೇಲಿದ್ದ ಹೂಗುಚ್ಛವನ್ನು ನೋಡಿದರು. ಆಮೇಲೆ ಒಂದೇ ಪದ ಹೇಳಿದರು.

"ಮಝಾಲ್."

ಹೀಬ್ರೂವಿನಲ್ಲಿ ಮಝಾಲ್ ಅಂದರೆ ಅದೃಷ್ಟ. ದಾರಿಜಾದಲ್ಲಿ ಮಝಾಲ್ ಅಂದರೆ ಇನ್ನೂ ಇಲ್ಲ. ಅಡುಗೆ ಆಯ್ತಾ? ಮಝಾಲ್. ಬಸ್ ಬಂತಾ? ಮಝಾಲ್. ಮೊರಾಕ್ಕೊದ ಮಗು ಅಮ್ಮ ಅನ್ನುವುದನ್ನು ಕಲಿತ ಮರುವಾರ ಕಲಿಯುವ ಪದ ಅದು.

ಝುಹೈರನಿಗೆ ಒಂದು ಚೂರೂ ಅನುಮಾನ ಬರಲಿಲ್ಲ. ಹೀಬ್ರೂವಿನಲ್ಲಿ ಅದೃಷ್ಟ ಎನ್ನುವವನು 'ಎಂಥ ಅದೃಷ್ಟ', 'ಅದೃಷ್ಟ ಚೆನ್ನಾಗಿತ್ತು', ಹೀಗೆ ಏನಾದರೂ ಸೇರಿಸುತ್ತಾನೆ, ಅದೊಂದು ಪದ ಒಗೆದು ಸುಮ್ಮನಾಗುವುದಿಲ್ಲ. ಅಲ್ಲದೆ ಬೀಗ ಹಾಕಿದ ಬಾಗಿಲಿನ ಕಥೆಯನ್ನು ಈಗಷ್ಟೇ ಕೇಳಿದ್ದ. "ಇನ್ನೂ ಇಲ್ಲ," ಎಂದು ಫ್ರೆಂಚಿನಲ್ಲಿ ಹೇಳಿದ.

ಹಿಂದಿನ ಸಾಲಿನ ಭೂಗೋಳದ ಹುಡುಗರು ಗೊಳ್ಳೆಂದು ನಕ್ಕರು. ಅಷ್ಟು ಹೊತ್ತು ಹೀಬ್ರೂ ಒಂದಕ್ಷರ ಅರ್ಥವಾಗದೆ ಕೂತಿದ್ದವರಿಗೆ ಮುದುಕರ ಬಾಯಿಂದ ತಮ್ಮಜ್ಜಿಯ ಮಾತು ಬಿದ್ದದ್ದು ಕೇಳಿ ನಗು ತಡೆಯಲಾಗಲಿಲ್ಲ. ಸರ್ಗೀನಿಯವರಿಗೆ ಆ ನಗು ಝುಹೈರನ ತಪ್ಪಿಗೆ ನಕ್ಕಂತೆ ಕೇಳಿಸಿತು. ಎದ್ದು ಬಂದು ಝುಹೈರನ ಕೈಯಿಂದ ಮೈಕ್ ತೆಗೆದುಕೊಂಡರು.

"ಕ್ಷಮಿಸಿ ಮದಾಂ. ನಮ್ಮ ಹುಡುಗ ಗಾಬರಿಯಾಗಿದ್ದಾನೆ. ಮಝಾಲ್ ಅಂದರೆ ಹೀಬ್ರೂವಿನಲ್ಲಿ ಅದೃಷ್ಟ. 'ಎಂಥ ಅದೃಷ್ಟ ನನ್ನದು' ಅನ್ನುತ್ತಿದ್ದಾರೆ ನಮ್ಮ ಅತಿಥಿಗಳು."

ಸಭೆ ಚಪ್ಪಾಳೆ ತಟ್ಟಿತು. ಮದಾಂ ಕಣ್ಣೊರೆಸಿಕೊಂಡರು. ಇನ್ನೂ ಇಲ್ಲ ಅಂದಿದ್ದು ಅಷ್ಟೂ ಜನಕ್ಕೆ ಗೊತ್ತಿತ್ತು, ಅಷ್ಟೂ ಜನ ಅದೃಷ್ಟಕ್ಕೆ ಚಪ್ಪಾಳೆ ಹೊಡೆದರು.

"ಯಾಕೆ ಚಪ್ಪಾಳೆ?" ಎಂದು ಮುದುಕರು ಮೆಲ್ಲಗೆ ಕೇಳಿದರು. ಝುಹೈರ್ ಕಿವಿಯಲ್ಲಿ ಹೇಳಿದ. ಅವರ ಅಗಲ ಕುತ್ತಿಗೆ ಕೆಂಪಾಯಿತು. ಎದ್ದು ನಿಂತು ಸರ್ಗೀನಿಯವರ ಕೈಯಲ್ಲಿದ್ದ ಮೈಕ್ ಹತ್ತಿರಕ್ಕೆ ಎಳೆದುಕೊಂಡು, ಹೀಬ್ರೂವಿನಲ್ಲಿ ಎಂದು ಸರ್ಗೀನಿಯೇ ಹೇಳಿದ್ದರಲ್ಲ, ಆ ಮಾತಿಗೆ ಮರ್ಯಾದೆ ಕೊಟ್ಟು, ಒಪ್ಪವಾದ ಹೀಬ್ರೂವಿನಲ್ಲಿ ಹೇಳಿದರು.

"ಪ್ರೊಫೆಸರ್ ಹೇಳಿದ್ದು ತಪ್ಪು. ಈ ಹುಡುಗ ಹೇಳಿದ್ದೇ ಸರಿ. ಅದು ನಮ್ಮೂರಿನ ಮಾತು, ಹುಡುಗನಿಗೆ ಅರ್ಥವಾಯಿತು."

ಮದಾಂ ಮುಖ ಅರಳಿಸಿಕೊಂಡು ಝುಹೈರನ ಕಡೆ ತಿರುಗಿದರು. ಸಭೆ ತಿರುಗಿತು. ಸರ್ಗೀನಿ ಮಾತ್ರ ತಿರುಗಲಿಲ್ಲ, ಮೈಕನ್ನು ಅವನ ಮುಂದೆ ಹಿಡಿದು ಗೋಡೆ ನೋಡುತ್ತಾ ನಿಂತರು.

'ಪ್ರೊಫೆಸರ್ ತಪ್ಪು, ಈ ಹುಡುಗ ಸರಿ' ಅನ್ನುವ ವಾಕ್ಯವನ್ನು ಆ ಹುಡುಗನೇ ನಿಂತು ಹೇಳಬೇಕು! ತನ್ನ ಹೊಗಳಿಕೆಯನ್ನು ತಾನೇ ಅನುವಾದಿಸಿದರೆ ಮದಾಂ ನಂಬುತ್ತಾರಾ? ನಂಬಿದರೂ ಸರ್ಗೀನಿ ಮುಖ ಎಲ್ಲಿಡುತ್ತಾರೆ? ಮುಖ ಕಳೆದುಕೊಂಡವರು ಕೆಲಸ ಕೊಡುತ್ತಾರಾ? ಅಂಥ ಗಳಿಗೆಯಲ್ಲಿ ಕೆಲವರ ತಲೆ ಚುರುಕಾಗುತ್ತದಂತೆ. ಝುಹೈರನ ತಲೆಯೂ ಚುರುಕಾಯಿತು, ಅದೇ ಅವನ ಗ್ರಹಚಾರ.

"ಪ್ರೊಫೆಸರ್ ಅವರಿಗೆ ತುಂಬಾ ಮೆರ್ಸಿ ಹೇಳುತ್ತಿದ್ದಾರೆ," ಎಂದು ಫ್ರೆಂಚಿನಲ್ಲಿ ಹೇಳಿದ. ಮೆರ್ಸಿ ಅಂದರೆ ಧನ್ಯವಾದ.

ಮತ್ತೆ ಚಪ್ಪಾಳೆ. ಸರ್ಗೀನಿ ಗೋಡೆಯಿಂದ ಕಣ್ಣು ಕಿತ್ತು ಅವನನ್ನು ನೋಡಿ ಸಣ್ಣಗೆ ನಕ್ಕರು. ಅದು ಕೃತಜ್ಞತೆ ಎಂದು ಝುಹೈರ್ ಲೆಕ್ಕ ಹಾಕಿದ.

ಕಾರ್ಯಕ್ರಮ ಮುಗಿದ ಮೇಲೆ ಮುದುಕರು ಮೊಗಸಾಲೆಯಲ್ಲಿ ಅವನನ್ನು ಅಡ್ಡಗಟ್ಟಿದರು. "ನನಗೆ ಫ್ರೆಂಚ್ ಬರಲ್ಲ ಮಗಾ. ಆದ್ರೆ ಮೆರ್ಸಿ ಅನ್ನೋದು ಕತ್ತೆಗೂ ಅರ್ಥ ಆಗುತ್ತೆ. ನಾನು ಯಾರಿಗಪ್ಪಾ ಮೆರ್ಸಿ ಹೇಳಿದ್ದು?"

"ಅಜ್ಜಾ, ಕೆಲಸದ ವಿಷಯ ಅದು. ನಿಮಗೆ ಹೆಂಗೆ ಹೇಳಲಿ…"

"ನಿನ್ನ ಪರ ಮಾತಾಡ್ದೆ. ನೀನೇ ನನ್ನ ಬಾಯಿ ಮುಚ್ಚಿದೆ." ಅವರು ಕೋಪದಲ್ಲಿ ಹೇಳಲಿಲ್ಲ, ಟಿಕೆಟ್ ಇಲ್ಲದವನನ್ನು ಬಸ್ಸಿನಿಂದ ಇಳಿಸುವ ದನಿಯಲ್ಲಿ ಹೇಳಿದರು. "ಅಮ್ಮನ್ನ ಕೇಳಿದೆ ಅಂತ ಹೇಳು, ಹೋಗು." ತಂಡದವರು ಕರೆಯುತ್ತಿದ್ದರು, ಹೊರಟುಹೋದರು. ಬೀಗ ಹಾಕಿದ ಆ ಮನೆಗೆ ಆಮೇಲೆ ಹೋದರೋ ಇಲ್ಲವೋ ಝುಹೈರನಿಗೆ ತಿಳಿಯಲಿಲ್ಲ. ಕೇಳುವ ಮುಖವೂ ಉಳಿದಿರಲಿಲ್ಲ.

ಮರುವಾರ ಸರ್ಗೀನಿ ಕರೆಸಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ.

"ಕೂತ್ಕೋ. ಆ ಪದದ ವಿಷಯದಲ್ಲಿ ನಾನು ತಪ್ಪಿದೆ. ಕಿವಿ ಹೀಬ್ರೂ ಕಾಯ್ತಾ ಇತ್ತು, ಅದಕ್ಕೆ ಹಂಗೆ ಕೇಳಿಸ್ತು. ಮುದುಕರು ಎದ್ದು ಹೇಳಿದಾಗಲೇ ಗೊತ್ತಾಯ್ತು. ಅವರ ಹೀಬ್ರೂ ನನಗೆ ಅರ್ಥ ಆಗಲ್ಲ ಅಂದ್ಕೊಂಡ್ಯಾ?"

ವಿಚಿತ್ರವೆಂದರೆ, ವೇದಿಕೆಯ ಮೇಲಿನ ಆ ಒಂದು ಗಳಿಗೆಯಲ್ಲಿ ಝುಹೈರ್ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಅದೊಂದನ್ನೇ: ಹೀಬ್ರೂ ವಿಭಾಗದ ಮುಖ್ಯಸ್ಥರಿಗೆ ಹೀಬ್ರೂ ಬರುತ್ತದೆ.

"ನಿಮ್ಮ ಮರ್ಯಾದೆ ಉಳೀಲಿ ಅಂತ, ಉಸ್ತಾದ್…"

"ನಾನು ಕೇಳಿದ್ನಾ? ತಪ್ಪು ಯಾರಾದ್ರೂ ಮಾಡ್ತಾರೆ. ನೀನು ಮಾಡಿದ್ದು ತಪ್ಪಲ್ಲ, ಸುಳ್ಳು. ಅತಿಥಿ ಬಾಯಲ್ಲಿ ಇಲ್ಲದ ಮಾತನ್ನ ಇಟ್ಟೆ. ನಾಳೆ ಅನುವಾದ ಕಲಿಯೋಕೆ ಬರೋ ಹುಡುಗರನ್ನ ನಿನ್ನ ಕೈಗೆ ಹೆಂಗೆ ಕೊಡಲಿ?"

ಅವರು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು. ಬಾಗಿಲ ತನಕ ಹೋದವನು ತಿರುಗಿ ನಿಂತು ಕೇಳಿಯೇಬಿಟ್ಟ.

"ಉಸ್ತಾದ್, ಒಂದು ಮಾತು. ನಾನು ಅವರು ಹೇಳಿದ್ದನ್ನ ಹಂಗೇ ಹೇಳಿದ್ದಿದ್ರೆ, ಕೆಲಸ ಕೊಡ್ತಿದ್ರಾ?"

ಸರ್ಗೀನಿ ಕನ್ನಡಕ ತೆಗೆದು ಒರೆಸಿದರು. "ಅದು ಬೇರೆ ವಿಷಯ," ಅಂದರು.

ಕೆಲಸ ನುಹೈಲಾಳಿಗೆ ಹೋಯಿತು. ಅವಳು ಕೆಟ್ಟವಳಲ್ಲ, ಫಲಹಾರದ ಅಂಗಡಿಗೆ ಕರೆದು ಹಣ್ಣಿನ ರಸ ಕುಡಿಸಿದಳು. "ನಾನಾಗಿದ್ರೆ ಏನಾಗ್ತಿತ್ತು ಗೊತ್ತೇನೋ ಸೆಫ್ರೂ? ನನ್ನ ತಲೇಲಿ ಬರೀ ಪುಸ್ತಕ. ಮೊದಲೇ ಅದೃಷ್ಟ ಅಂತ ಹೇಳಿಬಿಡ್ತಿದ್ದೆ. ಚಪ್ಪಾಳೆ ಬೀಳ್ತಿತ್ತು, ಮನೆಗೆ ಹೋಗ್ತಿದ್ದೆ. ನಿನಗೆ ಜಾಸ್ತಿ ಬಂತು, ಅದೇ ತೊಂದರೆ."

"ಜಾಸ್ತಿ ಬಂದಿದ್ದಷ್ಟೇ ಅಲ್ಲ," ಅಂದ ಝುಹೈರ್. "ಸಾಲದ್ದಕ್ಕೆ ಬುದ್ಧಿ ಬೇರೆ ಬಂತು."

ಮನೆಯಲ್ಲಿ ತಾಮು ಸೂಜಿ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಸೂಜಿ ನಿಲ್ಲಿಸಿದ್ದನ್ನು ಅವನು ನೋಡಿದ್ದು ಅದೇ ಮೊದಲು. "ಆ ಯಜಮಾನರು ನನ್ನ ಕೇಳಿದ್ರಾ? ಮನೆಗೆ ಕರೀಬೇಕಿತ್ತು ಕಣೋ, ಒಂದು ತುತ್ತು ಊಟಕ್ಕೆ," ಅಂದಳು. ಕೆಲಸದ ಬಗ್ಗೆ ಏನೂ ಅನ್ನಲಿಲ್ಲ. ಅದರ ಬದಲು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ಈಗ ಝುಹೈರ್ ಫೆಸ್‌ನ ಒಂದು ಕಾಲ್ ಸೆಂಟರಿನಲ್ಲಿದ್ದಾನೆ. ಫ್ರಾನ್ಸಿನವರ ಮನೆಯಲ್ಲಿ ಇಂಟರ್‌ನೆಟ್ ಕೈಕೊಟ್ಟರೆ ಅವರ ಬೈಗುಳ ತಿನ್ನುವುದು ಅವನ ಕೆಲಸ. ಫೋನಿನಲ್ಲಿ ಫ್ರೆಂಚರಿಗಾಗಿ ಅವನ ಹೆಸರು ಜೂಲಿಯಾನ್. ಪಕ್ಕದ ಕುರ್ಚಿಯ ಅಬ್ದುಸ್ಸಮದನ ಹೆಸರು ಮ್ಯಾಕ್ಸಿಮ್. ಸಂದರ್ಶನದಲ್ಲಿ ಹೀಬ್ರೂ ಬರುತ್ತದೆ ಎಂದು ಹೇಳಿದಾಗ ಮೇಲ್ವಿಚಾರಕಿ, "ಪರವಾಗಿಲ್ಲ, ಅದರಿಂದ ಕೆಲಸಕ್ಕೇನೂ ತೊಂದರೆ ಆಗಲ್ಲ," ಎಂದು ಸಮಾಧಾನ ಹೇಳಿದ್ದಳು.

ಮೊನ್ನೆ ವಸಂತದಲ್ಲಿ ಸರ್ಗೀನಿಯವರ ಫೋನ್ ಬಂತು. ಇನ್ನೊಂದು ತಂಡ ಬರುತ್ತಿದೆ, ಮುದುಕರು ನಡುನಡುವೆ ದಾರಿಜಾ ಸೇರಿಸುತ್ತಾರೆ, ನುಹೈಲಾಗೆ ಎರಡನ್ನೂ ಒಟ್ಟಿಗೆ ಹಿಡಿಯಲು ಆಗುತ್ತಿಲ್ಲ. "ನೀನು ಅವಳ ಹಿಂದಿನ ಕುರ್ಚೀಲಿ ಕೂತು ಹೇಳಿಕೊಡು, ಸಾಕು. ಪ್ರಮಾಣಪತ್ರ ಕೊಡೋಣ."

ಬರುವುದಿಲ್ಲ ಅನ್ನಲು ಝುಹೈರ್ ಮೂರು ಭಾಷೆಯಲ್ಲಿ ಮಾತು ಹೊಂದಿಸಿಕೊಂಡ. ಒಂದೂ ಬಾಯಿಗೆ ಬರಲಿಲ್ಲ. ಸಂಬಳ ಕಡಿತದ ರಜೆ ಹಾಕಿ, ಅದೇ ಇಸ್ತ್ರಿ ಅಂಗಿ ತೊಟ್ಟು ಹೋದ. ಹೀಬ್ರೂ ಕೇಳಿ ಬಹಳ ದಿನವಾಗಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಅದು ನಿಜವೂ ಆಗಿತ್ತು. ಮುದುಕಿಯೊಬ್ಬಳು ಮಾತಾಡಿದಳು, ಅವನು ನುಹೈಲಾಳ ಬೆನ್ನ ಹಿಂದೆ ಪಿಸುಗುಟ್ಟಿದ, ನುಹೈಲಾ ಸೊಗಸಾದ ಫ್ರೆಂಚಿನಲ್ಲಿ ಮೈಕಿಗೆ ಹೇಳಿದಳು. ಸಭೆ ಅವಳಿಗೆ ಚಪ್ಪಾಳೆ ತಟ್ಟಿತು.

ಕೊನೆಯಲ್ಲಿ ಸರ್ಗೀನಿ ವೇದಿಕೆಯ ಮೇಲಿದ್ದವರನ್ನೆಲ್ಲ ಪರಿಚಯಿಸುತ್ತಾ ಬಂದರು. ಝುಹೈರನ ಹೆಗಲ ಮೇಲೆ ಕೈಯಿಟ್ಟು ಫ್ರೆಂಚಿನಲ್ಲಿ ಹೇಳಿದರು: "ಈ ಹುಡುಗನಿಗೆ ಬರುವುದೆಲ್ಲ ನಾನು ಕಲಿಸಿದ್ದು."

ಮುದುಕಿಗೆ ಫ್ರೆಂಚ್ ಬರುತ್ತಿರಲಿಲ್ಲ. ಏನಂದರು ಎಂಬಂತೆ ಝುಹೈರನ ಮುಖ ನೋಡಿದಳು. ನುಹೈಲಾ ಬಾಯಿ ತೆರೆಯುವ ಮೊದಲೇ ಅವನು ಅದನ್ನು ಹೀಬ್ರೂವಿಗೆ ಅನುವಾದಿಸಿದ, ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ.